ಸೀಟಿಗೆ ನಿಲ್ಲದ ತಂಡ

ನನ್ನ ಗಂಟಲು ದೊಡ್ಡದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ದಂಡೋತಿಯಲ್ಲಿ ಕಾಗಿಣಾ ಹೊಳೆಯ ದಂಡೆಗೆ ನಮ್ಮ ಹೊಲ. ಜೋಳ ತೆನೆ ಕಟ್ಟಿದಾಗ ಹಕ್ಕಿ ಓಡಿಸುವ ಕೆಲಸ ಚಿಕ್ಕಂದಿನಿಂದ ನನ್ನದೇ. ಅಟ್ಟದ ಮೇಲೆ ನಿಂತು ಕೂಗಿದರೆ ಹೊಳೆಯಾಚೆ ದನ ಮೇಯಿಸುವವರು ಏನಾಯಿತೆಂದು ತಿರುಗಿ ನೋಡುತ್ತಿದ್ದರು. ಮುಂದೆ ಶಹಾಬಾದಿನಲ್ಲಿ ಕಾಲೇಜು ಸೇರಿದ ಮೇಲೆ ಆ ಗಂಟಲಿನ ದೆಸೆಯಿಂದಲೇ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆದೆ, ಮರುವರ್ಷ ಕ್ಯಾಪ್ಟನ್ನೂ ಆದೆ. ಆಟ ಬರುತ್ತಿತ್ತೇ ಎಂದು ಕೇಳಿದರೆ, ಎತ್ತರ ಇದ್ದೆ, ಚೆಂಡಿಗೆ ಹೆದರುತ್ತಿರಲಿಲ್ಲ, ಅಷ್ಟೇ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಒಂದೆರಡು ವರ್ಷ ಆಗಿತ್ತು. ನಮ್ಮ ಕಾಲೇಜಿನ ಬೋರ್ಡಿನ ಮೇಲೆ ಮಾತ್ರ ಇನ್ನೂ ಮೈಸೂರು ರಾಜ್ಯವೇ ಕುಳಿತಿತ್ತು. ಕಾಲೇಜಿಗೆ ಮೈದಾನ ಎಂಬುದೊಂದು ಹೆಸರಿಗೆ ಇತ್ತು. ಗೇಣುದ್ದ ಮಣ್ಣು ಕೆದರಿದರೆ ಕೆಳಗೆ ಬರೀ ನೆಲಕ್ಕೆ ಹಾಸುವ ಫರಸಿ ಕಲ್ಲು. ಅಲ್ಲಿ ಬಿದ್ದವನ ಮೊಣಕಾಲಿನ ತೊಗಲು ಅಲ್ಲೇ ಉಳಿಯುತ್ತಿತ್ತು. ಅದಕ್ಕೇ ನಮ್ಮ ಅಭ್ಯಾಸವೂ ಪಂದ್ಯಗಳೂ ವಾಡಿ ಜಂಕ್ಷನ್ನಿನ ರೈಲ್ವೆ ಮೈದಾನದಲ್ಲಿ ನಡೆಯುತ್ತಿದ್ದವು. ತಂಡದ ಅರ್ಧ ಜನ ವಾಡಿಯ ರೈಲ್ವೆ ಕ್ವಾರ್ಟರ್ಸಿನವರೇ. ಉಳಿದವರು ಶಹಾಬಾದಿನಿಂದ ಪ್ಯಾಸೆಂಜರ್ ಹಿಡಿದು, ಬೂಟುಗಳನ್ನು ಕೊರಳಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು. ಬೂಟು ಎಲ್ಲರಿಗೂ ಇರಲಿಲ್ಲ. ಇದ್ದವರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದುದು ಇಲ್ಲದವರಿಗೆ ಕಾಣಲಿ ಎಂದೇ.

ಆ ಮೈದಾನದ ಒಂದು ಪಕ್ಕಕ್ಕೆ ಕ್ವಾರ್ಟರ್ಸ್, ಇನ್ನೊಂದು ಪಕ್ಕಕ್ಕೆ ಯಾರ್ಡು. ನಡುವೆ ಹಳಿಯಡಿ ಹಾಕುವ ಹಳೆಯ ಸ್ಲೀಪರುಗಳನ್ನು ನಿಲ್ಲಿಸಿ ಮಾಡಿದ ಬೇಲಿ. ಊರಿನ ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂತು ಬೇವಿನ ಮರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಆಡಿ ಮುಗಿಸಿದ ಮೇಲೆ ನಮ್ಮ ಹುಬ್ಬೂ ಅದೇ ಬಣ್ಣ. ಹಗಲೆಲ್ಲ ಯಾರ್ಡಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಕೂಡಿಸುವುದು, ಬಿಡಿಸುವುದು, ಹಿಂದೆ ತಳ್ಳುವುದು. ಅದಕ್ಕೆಲ್ಲ ಸೀಟಿ. ಪ್ಲಾಟ್‌ಫಾರ್ಮಿನ ಮೇಲೆ ಗಾರ್ಡು ಹಸಿರು ಬಾವುಟ ತೋರಿಸಿ ಹೊಡೆಯುವ ಸೀಟಿ ಬೇರೆ. ಮೈದಾನದೊಳಗೆ ರೆಫ್ರಿಯ ಸೀಟಿ. ಮೂರಕ್ಕೂ ದನಿಯಲ್ಲಿ ಫರಕು ಇರಲಿಲ್ಲ, ಒಂದೇ ಅಂಗಡಿಯಲ್ಲಿ ಕೊಂಡವು ಎನ್ನಬೇಕು.

ಮೊದಮೊದಲು ಅಭ್ಯಾಸದಲ್ಲಿ ನಾವೇ ಮಂಗ ಆಗುತ್ತಿದ್ದೆವು. ಚೆಂಡು ಕಾಲಿಗೆ ಸಿಕ್ಕು ಓಡತೊಡಗಿದ ಕೂಡಲೇ ಯಾರ್ಡಿನಲ್ಲಿ ಸೀಟಿ ಆಗಬೇಕು, ಹನ್ನೊಂದು ಜನವೂ ಗಕ್ಕನೆ ನಿಂತು ಮುಖ ಮುಖ ನೋಡಬೇಕು. ನಮ್ಮ ಪಿ.ಟಿ. ಮಾಸ್ತರರು ತಲೆ ಚಚ್ಚಿಕೊಳ್ಳುತ್ತಿದ್ದರು. ಆಗ ನಾನೊಂದು ಉಪಾಯ ಮಾಡಿದೆ. ಚೆಂಡು ಆ ತುದಿಗೆ ಇದ್ದಾಗ ಗೋಲ್‌ಕೀಪರನಿಗೆ ಕೆಲಸವಿಲ್ಲ. ಅವನು ಚೆಂಡು ಬಿಟ್ಟು ರೆಫ್ರಿಯನ್ನೇ ನೋಡುತ್ತ ನಿಲ್ಲಬಹುದು. ಆದ್ದರಿಂದ ಯಾವ ಸೀಟಿ ಕೇಳಿಸಿದರೂ ಯಾರೂ ನಿಲ್ಲಕೂಡದು, ನಾನು ‘ನಿಂದ್ರೋ’ ಎಂದು ಕೂಗಿದರೆ ಮಾತ್ರ ನಿಲ್ಲಬೇಕು. ಇದೇ ನಮ್ಮ ಕಾನೂನಾಯಿತು. ಹದಿನೈದು ದಿನದಲ್ಲಿ ಎಲ್ಲರ ಕಾಲಿಗೂ ಅದು ರೂಢಿಯಾಯಿತು. ಕಿವಿಯ ಮೇಲೆ ಸೀಟಿ ಹೊಡೆದರೂ ಕಾಲು ನಿಲ್ಲುತ್ತಿರಲಿಲ್ಲ, ನನ್ನ ಕೂಗಿಗೆ ಮಾತ್ರ ನಿಲ್ಲುತ್ತಿತ್ತು.

ಆ ವರ್ಷದ ವಲಯ ಪಂದ್ಯಗಳು ದಸರೆ ಮುಗಿದ ಮೇಲೆ ಶುರುವಾದವು. ಮೊದಲು ಬಂದವರು ಚಿಂಚೋಳಿ ಕಡೆಯ ತಂಡ. ಪಾಪ, ಬಸ್ಸಿನಲ್ಲಿ ಅರ್ಧ ದಿನ ಕುಲುಕಿ ಬಂದು ಇಳಿದಿದ್ದರು. ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಯಾರ್ಡಿನಲ್ಲಿ ಸೀಟಿ ಆಯಿತು. ಅವರ ಇಡೀ ತಂಡ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಿತು. ಎಡ ಅಂಚಿನಲ್ಲಿ ಆಡುವ ನಮ್ಮ ಲೆಫ್ಟ್ ಔಟ್ ಅವರ ನಡುವೆಯೇ ಚೆಂಡು ತೆಗೆದುಕೊಂಡು ಹೋಗಿ ಗೋಲಿಗೆ ಹಾಕಿ ಬಂದ. ಅವರು ಕೂಗಾಡಿದರು. ತಾವು ಸೀಟಿ ಊದೇ ಇಲ್ಲ ಎಂದರು ರೆಫ್ರಿ, ಅದು ಸತ್ಯವೂ ಆಗಿತ್ತು. ಬೇಲಿಯಾಚೆ ಡಬ್ಬಿ ಕೂಡಿಸುತ್ತಿದ್ದ ಮನುಷ್ಯ ತನ್ನ ಸೀಟಿ ಎತ್ತಿ ತೋರಿಸಿ ನಕ್ಕ. ನಮಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅದು ಮೋಸ ಎಂದು ನನಗೆ ಆಗ ಅನಿಸಲೇ ಇಲ್ಲ. ಅಂಗಳ ನಮ್ಮದು, ಡೊಂಕಿದ್ದರೆ ಆ ಡೊಂಕೂ ನಮ್ಮದೇ ಎಂದುಕೊಂಡಿದ್ದೆ.

ಚಿತ್ತಾಪುರದವರು ಹಾಗೇ ಸೋತರು. ಸೇಡಂನವರು ಬಲವಾದ ತಂಡ. ಅವರೂ ವಾಡಿಗೆ ಬಂದು ಒಂದು ಗೋಲಿನಿಂದ ಸೋತರು, ಆ ಗೋಲೂ ಗಾರ್ಡಿನ ಸೀಟಿಯದೇ. ಅವರ ರೈಟ್ ಬ್ಯಾಕ್, ನಮ್ಮ ಲೆಫ್ಟ್ ಔಟ್‌ನನ್ನು ತಡೆಯುವವನು, ಒಬ್ಬ ಗಟ್ಟಿ ಆಳು, ಮಾತು ಕಡಿಮೆ. ಪಂದ್ಯ ಮುಗಿದ ಮೇಲೆ ನೇರ ನನ್ನ ಹತ್ತಿರ ಬಂದು, “ಸೇಡಂಗ ಬರ್ತೀರಲ್ರಿ ಆಡ್ಲಿಕ್ಕ, ಆವಾಗ ನಾವೂ ಸೀಟಿಗಿ ನಿಂದ್ರಂಗಿಲ್ಲ, ನೋಡಕೋರ್ರಿ,” ಎಂದು ಹೇಳಿ ಹೋದ. ನಾನು ಅವನ ಬೆನ್ನಿಗೆ ಏನೋ ಚಾಷ್ಟಿ ಮಾಡಿದೆ. ಏನೆಂದು ಈಗ ನೆನಪಿಲ್ಲ, ನೆನಪಿಲ್ಲದಿರುವುದೇ ಒಳ್ಳೆಯದು.

ನಮ್ಮ ಲೆಫ್ಟ್ ಔಟ್ ನನ್ನ ಗೆಳೆಯ. ಅವನಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಗುಂಟ ನಡೆದು ಕಲ್ಲು ಬಡಿದು, ಬೋಲ್ಟು ಬಿಗಿದು, ಬಿಸಿಲಲ್ಲಿ ಕರ್ರಗಾದ ಮನುಷ್ಯ. ಗೆಳೆಯ ಹುಟ್ಟಿದ್ದೇ ವಾಡಿಯ ಕ್ವಾರ್ಟರ್ಸಿನಲ್ಲಿ. ಸ್ಲೀಪರಿನಿಂದ ಸ್ಲೀಪರಿಗೆ ಜಿಗಿಯುತ್ತ ಓಡಿ ಬೆಳೆದವನಾದ್ದರಿಂದ ಅವನ ಹೆಜ್ಜೆ ಸಣ್ಣದು, ಆದರೆ ಒಂದೂ ತಪ್ಪುತ್ತಿರಲಿಲ್ಲ. ಎಡಗಾಲಿನ ಹೊಡೆತವಂತೂ ನಾನು ಬೇರೆ ಯಾರಲ್ಲೂ ನೋಡಿಲ್ಲ. ಅಭ್ಯಾಸದಲ್ಲಿ ಅವನ ಚೆಂಡು ಹಿಡಿದ ದಿನ ರಾತ್ರಿ ಊಟಕ್ಕೆ ಕೂತರೆ ರೊಟ್ಟಿ ಮುರಿಯಲು ನನ್ನ ಬೆರಳು ಬರುತ್ತಿರಲಿಲ್ಲ. ಮೈದಾನದ ಹೊರಗೆ ಅವನು ಮೆತ್ತಗೆ. ಯಾರಾದರೂ ಹೊಗಳಿದರೆ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗುತ್ತಿದ್ದ.

ಅಭ್ಯಾಸ ಮುಗಿಸಿ ಪ್ಯಾಸೆಂಜರ್ ಬರುವವರೆಗೆ ನಾನು ಕೂರುತ್ತಿದ್ದುದು ಅವರ ಮನೆಯಲ್ಲೇ. ಎರಡು ಕೋಣೆ, ಹಿಂದೊಂದು ಅಂಗಳ, ಅಂಗಳದಲ್ಲಿ ನಳ. ಅವನವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಕೊಡುತ್ತಿದ್ದಳು. ಎಷ್ಟು ತಿಂದರೂ, ದಂಡೋತಿಯವರು ಇಷ್ಟಾ ಉಣ್ಣೂದೇನು ಎಂದು ಚುಡಾಯಿಸುತ್ತಿದ್ದಳು. ಆಕೆಗೆ ಆ ನಳದ ಮೇಲೆ ಬಲು ಪ್ರೀತಿ. ಗಂಡ ಹೆಂಡತಿ ಇಬ್ಬರೂ ಚಿಂಚೋಳಿ ಸೀಮೆಯ ಒಂದು ಹಳ್ಳಿಯವರು. ಅಲ್ಲಿ ಹೊಲ ಇರಲಿಲ್ಲ, ಮನೆ ಇರಲಿಲ್ಲ, ಬಾವಿಗೆ ಕೊಡ ಇಳಿಸಲು ಕೂಡ ಇನ್ನೊಬ್ಬರ ಮುಖ ನೋಡಿ ಕಾಯಬೇಕಾಗಿತ್ತು. ಬಾಗಿಲೊಳಗೇ ನೀರು ಬೀಳುವ ಮನೆ ಸಿಕ್ಕ ದಿನ ಕೊಡ ತುಂಬಿದರೂ ನಳದ ಮುಂದಿನಿಂದ ಏಳಲಿಲ್ಲವಂತೆ ಆಕೆ. ಗಂಡ ಇದನ್ನು ಹೇಳಿ ನಗುತ್ತಿದ್ದ, ಆಕೆ ನಗುತ್ತಿರಲಿಲ್ಲ.

ಆ ಮನೆಯೇ ಈಗ ಕೈತಪ್ಪುವುದರಲ್ಲಿತ್ತು. ಅವನಪ್ಪ ಹೋಳಿ ಹುಣ್ಣಿಮೆಯ ಆಚೆಗೆ ನಿವೃತ್ತನಾಗುವವನು. ನಿವೃತ್ತನಾದರೆ ಕ್ವಾರ್ಟರ್ ಖಾಲಿ ಮಾಡಬೇಕು. ಆದರೆ ಅಷ್ಟರೊಳಗೆ ಮಗ ರೈಲ್ವೆಯಲ್ಲೇ ನೌಕರಿಗೆ ಹತ್ತಿ ಅಪ್ಪನ ಜೊತೆ ಇದ್ದರೆ ಅದೇ ಮನೆ ಮಗನ ಹೆಸರಿಗೆ ಬರುವ ದಾರಿಯೊಂದಿತ್ತು. ಕ್ವಾರ್ಟರ್ಸಿನಲ್ಲಿ ಅಂಥವರು ಇಬ್ಬರು ಮೂವರಿದ್ದರು. ಮನೆಯಲ್ಲಿ ಗೆಳೆಯನ ಕೆಳಗೆ ಇಬ್ಬರು ತಂಗಿಯರು, ಇನ್ನೂ ಸಾಲಿಗೆ ಹೋಗುವವರು. ಊರಿಗೆ ಹೋಗುತ್ತೇವೆ ಎನ್ನಲು ಅವರಿಗೆ ಊರೇ ಇರಲಿಲ್ಲ.

ದೇವರು ದಾರಿ ತೋರಿಸಿದ ಎಂದೇ ನಾವೆಲ್ಲ ತಿಳಿದೆವು. ಚಿತ್ತಾಪುರದವರೊಡನೆ ಆಡುತ್ತಿದ್ದ ದಿನ ಒಂದು ಗಾಡಿ ವಾಡಿಯಲ್ಲಿ ಬಹಳ ಹೊತ್ತು ನಿಂತಿತ್ತು. ಅದರಲ್ಲಿದ್ದ ರೈಲ್ವೆಯ ಸಾಹೇಬರೊಬ್ಬರು ಬೇಸತ್ತು ಇಳಿದು, ಬೇಲಿಯ ಹತ್ತಿರ ಬಂದು ನಿಂತರು. ರೈಲ್ವೆ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುವವರು ಅವರೇ. ಗಾಡಿ ಹೊರಡುವ ಮುನ್ನ ನಮ್ಮ ಮಾಸ್ತರರನ್ನು ಕರೆದು, ಆ ಎಡಗಾಲಿನ ಹುಡುಗನ ವಿಚಾರ ಕೇಳಿದರು. ಸೇಡಂನಲ್ಲಿ ನಡೆಯುವ ಕೊನೆಯ ಪಂದ್ಯಕ್ಕೆ ತಮ್ಮ ಮೇಲಿನ ಸಾಹೇಬರನ್ನೂ ಕರೆತರುತ್ತೇನೆ, ಅವರು ಒಮ್ಮೆ ಕಣ್ಣಿಂದ ನೋಡಿದರೆ ಕೆಲಸ ಆದ ಹಾಗೆ ಎಂದರು. ಆಟದ ಮೇಲೆ ನೌಕರಿ ಕೊಡುವ ಪದ್ಧತಿ ರೈಲ್ವೆಯಲ್ಲಿತ್ತು. ಈ ಮಾತು ಅವತ್ತೇ ಕ್ವಾರ್ಟರ್ಸಿನ ಎಲ್ಲ ಮನೆಗೂ ಮುಟ್ಟಿತು.

ಅಲ್ಲಿಂದ ಅವನವ್ವ ಅವನನ್ನು ನೋಡುವ ರೀತಿಯೇ ಬದಲಾಯಿತು. ಅವನ ಕಾಲಿಗೆ ಮುಳ್ಳು ಚುಚ್ಚಿದರೆ ಆಕೆ ಬಿಳಚಿಕೊಳ್ಳುತ್ತಿದ್ದಳು. ದೀಪಾವಳಿಗೆ ಯಾರು ಬೇಡವೆಂದರೂ ಕೇಳದೆ ಇಡೀ ಕ್ವಾರ್ಟರಿಗೆ ಸುಣ್ಣ ಹೊಡೆದಳು. ಬಿಟ್ಟು ಹೋಗುವ ಮನೆಗೆ ಯಾಕವ್ವ ಇಷ್ಟು ಕಷ್ಟ ಎಂದು ಪಕ್ಕದ ಮನೆಯಾಕೆ ಕೇಳಿದ್ದಕ್ಕೆ ಎರಡು ದಿನ ಆಕೆಯೊಡನೆ ಮಾತೇ ಆಡಲಿಲ್ಲ.

ಸೇಡಂಗೆ ಹೋಗುವ ಗಾಡಿಯಲ್ಲಿ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಅಲ್ಲಿಯ ಮೈದಾನ ಊರ ಹೊರಗೆ, ಗಾಡಿಯ ಸದ್ದು ಕೂಡ ಕೇಳಿಸುವುದಿಲ್ಲ. ನಿಮ್ಮ ವಾಡಿಯ ಕಾನೂನು ಇವತ್ತು ಬೇಡ, ಸೀಟಿಯಾದರೆ ನಿಲ್ಲಬೇಕು ಅಂತ ಹುಡುಗರಿಗೆ ಹೇಳು ಎಂದರು. ಹೂಂ ಎಂದೆ. ಹೇಳಲಿಲ್ಲ. ಆಟದ ದಿನ ಹೊಸ ಮಾತು ಹೇಳಿದರೆ ಕಾಲು ಗಲಿಬಿಲಿಯಾಗುತ್ತದೆ ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ. ನಿಜ ಬೇರೆಯೇ ಇತ್ತು. ಆ ಕಾನೂನು ನನ್ನದು, ಅದರಿಂದಲೇ ಗೆದ್ದಿದ್ದೆವು, ಹತ್ತು ಜನ ನನ್ನ ಒಂದು ಕೂಗಿಗೆ ನಿಲ್ಲುವುದು ನನಗೆ ರುಚಿ ಹತ್ತಿತ್ತು. ಜಂಬ ಎನ್ನುವುದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಸೇಡಂ ಮೈದಾನ ಎರೆಮಣ್ಣಿನದು. ಅಷ್ಟು ಶಾಂತವಾದ ಜಾಗದಲ್ಲಿ ನಾವು ಎಂದೂ ಆಡಿರಲಿಲ್ಲ. ಸಾಹೇಬರಿಬ್ಬರೂ ಬಂದಿದ್ದರು. ಮೈದಾನದ ನಡುಗೆರೆಯ ಹತ್ತಿರ ಶಾಮಿಯಾನ, ಅದರಡಿ ಕುರ್ಚಿ, ಮುಂದೊಂದು ಮೇಜು. ಗೆಳೆಯ ಅತ್ತ ನೋಡಲೇ ಇಲ್ಲ. ಬೂಟಿನ ದಾರ ಎರಡು ಸಲ ಬಿಚ್ಚಿ ಕಟ್ಟಿದ. ಮೊದಲ ಅರ್ಧದಲ್ಲಿ ಅವನಿಗೆ ಚೆಂಡೇ ಸರಿಯಾಗಿ ಸಿಗಲಿಲ್ಲ. ಆ ರೈಟ್ ಬ್ಯಾಕ್ ನೆರಳಿನ ಹಾಗೆ ಹತ್ತಿಕೊಂಡಿದ್ದ. ಗೋಲು ಎರಡೂ ಕಡೆ ಇಲ್ಲ. ನಡುವಿನ ವಿರಾಮದಲ್ಲಿ ನಾನು ನೀರು ಕೊಡಲು ಹೋದರೆ ಗೆಳೆಯ ಕುಡಿಯಲಿಲ್ಲ, “ಒಂದ ಹೊಡತ ಹೊಡ್ಯಾಕ ಸಿಕ್ರ ಸಾಕಲೇ ನನಗ, ಒಂದ,” ಎಂದ.

ಅದು ಸಿಕ್ಕಿತು. ಎರಡನೆಯ ಅರ್ಧವೂ ಮುಗಿಯುತ್ತ ಬಂದಿದ್ದಾಗ ನಮ್ಮವನೊಬ್ಬ ಮೈದಾನದ ಮಧ್ಯದಿಂದ ಚೆಂಡನ್ನು ಎತ್ತಿ ಎಡಕ್ಕೆ ಹೊಡೆದ. ಗೆಳೆಯ ಅವರ ಬ್ಯಾಕುಗಳನ್ನು ದಾಟಿ ಆಗಲೇ ಮುಂದೆ ಓಡುತ್ತಿದ್ದ. ಒಂದು ಹೆಜ್ಜೆ ಮೊದಲೇ ಓಡಿದ್ದ, ಅದು ನನಗೆ ಈ ತುದಿಯಿಂದಲೂ ಕಂಡಿತು. ಗೆರೆಯವನು ಬಾವುಟ ಎತ್ತಿದ. ರೆಫ್ರಿ ಸೀಟಿ ಊದಿದ, ಕೈ ಮೇಲೆತ್ತಿದ. ಆ ನಿಶ್ಶಬ್ದದಲ್ಲಿ ಸೀಟಿ ಮೈದಾನದ ಈ ತುದಿಗೂ ಸ್ಪಷ್ಟವಾಗಿ ಕೇಳಿಸಿತು. ಆಫ್‌ಸೈಡ್. ನಾನು ಕೂಗಬೇಕು. ಬಾಯಿ ತೆರೆದೆ. ಗೆಳೆಯನ ಮುಂದೆ ಗೋಲ್‌ಕೀಪರ್ ಒಬ್ಬನೇ ಇದ್ದ, ಚೆಂಡು ಎಡಗಾಲಿಗೆ ಸರಿಯಾಗಿ ಬಿದ್ದು ಪುಟಿದಿತ್ತು. ಗೋಲು ಲೆಕ್ಕಕ್ಕೆ ಬರುವುದಿಲ್ಲ, ಬರದಿರಲಿ, ಹೊಡೆತವನ್ನಾದರೂ ಸಾಹೇಬರು ನೋಡಲಿ. ಇಷ್ಟು ನಾನು ಯೋಚಿಸಿದೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ.

ಸೇಡಂನವರಲ್ಲಿ ಹತ್ತು ಜನ ನಿಂತರು, ಒಬ್ಬ ನಿಲ್ಲಲಿಲ್ಲ. ಅದು ಆ ರೈಟ್ ಬ್ಯಾಕ್. ವಾಡಿಯವರು ಸೀಟಿಗೆ ನಿಲ್ಲುವವರಲ್ಲ ಎಂಬುದನ್ನು ಅವನು ವಾಡಿಯಲ್ಲೇ ಕಲಿತುಹೋಗಿದ್ದ. ಗೆಳೆಯ ಎಡಗಾಲು ಬೀಸಿದ, ಬ್ಯಾಕ್ ಪಕ್ಕದಿಂದ ಜಾರಿ ಬಂದ. ಚೆಂಡು ಬಲೆಯ ಮೂಲೆಗೆ ಹೋಗಿ ಬಿದ್ದುದು ನನಗೆ ಕಂಡಿತು. ಆಮೇಲೆ ಕಟ್ಟಿಗೆ ಮುರಿದಂಥ ಸದ್ದು. ಅಷ್ಟು ದೂರಕ್ಕೆ ಕೇಳಿಸಿರಲಾರದು ಎನ್ನುತ್ತಾರೆ. ನನಗೆ ಕೇಳಿಸಿತು.

ಆಗ ಕೂಗಿದೆ. ‘ನಿಂದ್ರೋ’ ಎಂದು ಕೂಗಿದೆ. ಎಲ್ಲರೂ ಆಗಲೇ ನಿಂತಾಗಿತ್ತು.

ಯಾರೋ ತಂದ ಮಂಚದ ಮೇಲೆ ಹಾಕಿಕೊಂಡು ಮಾಸ್ತರರೂ ಊರ ನಾಲ್ಕು ಜನರೂ ಅವನನ್ನು ಆಸ್ಪತ್ರೆಗೆ ಒಯ್ದರು. ಉಳಿದ ಆಟವನ್ನು ಹತ್ತು ಜನ ಆಡಿ ಎರಡು ಗೋಲಿನಿಂದ ಸೋತೆವು. ಎರಡೂ ನನ್ನ ಕೈ ಕೆಳಗಿಂದಲೇ ಹೋದವು. ಸಂಜೆ ಆಸ್ಪತ್ರೆಗೆ ಹೋದಾಗ ಆ ರೈಟ್ ಬ್ಯಾಕ್ ವರಾಂಡದಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಮೈಮೇಲೆ ಇನ್ನೂ ಆಟದ ಅಂಗಿಯೇ. ನನ್ನನ್ನು ನೋಡಿ ಅಳತೊಡಗಿದ. “ಸೀಟಿ ಕೇಳ್ಸಿತ್ರಿ ನನಗ. ಖರೇನೇ ಕೇಳ್ಸಿತ್ತು. ನೀವು ನಿಂದ್ರಂಗಿಲ್ಲಂತ ನಾನೂ ನಿಂದ್ರಲಿಲ್ಲ,” ಎಂದ. ಅವನ ಭುಜ ಹಿಡಿದು ತಪ್ಪು ನಿನ್ನದಲ್ಲ ಎಂದು ನಾನು ಹೇಳಬೇಕಾಗಿತ್ತು. ಹೇಳಿದ್ದರೆ ಯಾರದೆಂದು ಹೇಳಬೇಕಾಗುತ್ತಿತ್ತು. ಅವನನ್ನು ದಾಟಿ ಒಳಗೆ ಹೋದೆ.

ಮೊಣಕಾಲಿನ ಕೆಳಗೆ ಎರಡು ಕಡೆ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿದರು, ಕಾಲಾಂತರದಲ್ಲಿ ಎಲುಬು ಕೂಡಿತು. ಕೂಡುವಾಗ ಕಾಲು ಒಂದು ಬೆರಳಿನಷ್ಟು ಗಿಡ್ಡವಾಯಿತು. ಅಷ್ಟು ಸಾಕಾಗಿತ್ತು. ಆಟದ ಮಾತಂತೂ ಹೋಯಿತು, ರೈಲ್ವೆಯ ಯಾವ ಕೆಲಸಕ್ಕೆ ನಿಂತರೂ ಡಾಕ್ಟರ ಮುಂದೆ ನಡೆದು ತೋರಿಸಲೇಬೇಕು.

ಸಂಕ್ರಾಂತಿ ಕಳೆದ ಮೇಲೆ ರೈಲ್ವೆಯಿಂದ ಆಯ್ಕೆಗೆ ಬಾ ಎಂದು ಕಾಗದ ಬಂತು, ನನಗೆ. ಮೊದಲ ಸಾಹೇಬರು ವಾಡಿಯ ಪಂದ್ಯದಲ್ಲಿ ನನ್ನನ್ನೂ ಗಮನಿಸಿದ್ದರಂತೆ. ಅವರ ತಂಡಕ್ಕೆ ಗೋಲ್‌ಕೀಪರ್ ಬೇಕಾಗಿತ್ತಂತೆ. ಕಾಗದ ಹಿಡಿದುಕೊಂಡು ಗೆಳೆಯನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕಾಲು ಚಾಚಿ ಕುಳಿತಿದ್ದ. ಓದಿ ಮಡಚಿ ಕೊಟ್ಟ. “ಹೋಗು. ನೀ ಬಿಟ್ಟಿದ್ದು ನನಗ ಬರ್ತದೇನು?” ಎಂದ. ಹೋದೆ. ಯಾಕೆ ಹೋದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನಗೆ ನೌಕರಿ ಬೇಕಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

ಆಯ್ಕೆಯ ದಿನ ನನ್ನ ಆಟ ನೋಡಿ ಮುಗಿಸಿದ ಮೇಲೆ ಆ ಸಾಹೇಬರು ಗೆಳೆಯನ ಕಾಲು ಹೇಗಿದೆ ಎಂದು ಕೇಳಿದರು. ಅವರಿಗೂ ಕೆಡುಕೆನಿಸಿತ್ತು. ಆಮೇಲೆ, ಅವತ್ತು ನಿಜವಾಗಿ ಏನಾಯಿತು ಎಂದರು. ಸೀಟಿಯಾಯಿತಲ್ಲ ಎಂದು ತಾವಿಬ್ಬರೂ ಅತ್ತ ತಿರುಗಿ ಚಹಾದ ಕಪ್ಪು ತೆಗೆದುಕೊಳ್ಳುತ್ತಿದ್ದರಂತೆ, ಗದ್ದಲ ಕೇಳಿ ಇತ್ತ ನೋಡಿದಾಗ ಹುಡುಗ ನೆಲದ ಮೇಲಿದ್ದನಂತೆ. ಸೀಟಿಯಾದ ಮೇಲೆ ಆಟ ಯಾರು ನೋಡುತ್ತಾರೆ? ಆಟ ಬಲ್ಲವರು ಯಾರೂ ನೋಡುವುದಿಲ್ಲ. ಇದು ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ಅವರು ನೋಡಲಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ, ಅವರು ಚಹಾ ತೆಗೆದುಕೊಳ್ಳುತ್ತಿದ್ದರು. ಹೊರಗೆ ಬಂದು ಒಂದು ಕಟ್ಟೆಯ ಮೇಲೆ ಕೂತು ಅತ್ತೆ. ಅಲ್ಲಿ ಹೋಗುವವರು ಪಾಪ ಈತ ಆಯ್ಕೆಯಾಗಲಿಲ್ಲ ಎಂದುಕೊಂಡಿರಬೇಕು.

ಅವನಪ್ಪ ನಿವೃತ್ತನಾದ. ಗ್ಯಾಂಗಿನವರು ಹಾರ ಹಾಕಿ, ಪೇಟ ಸುತ್ತಿ, ಮನೆಯವರೆಗೆ ಕರೆತಂದರು. ಆಮೇಲೆ ಎರಡು ತಿಂಗಳು ಇರಲು ಬಿಟ್ಟರು, ಅದು ಕಾನೂನಿನ ಪ್ರಕಾರವೇ. ಬಿರುಬೇಸಿಗೆಯಲ್ಲಿ ಕ್ವಾರ್ಟರ್ ಖಾಲಿ ಮಾಡಬೇಕಾಯಿತು. ರಾವೂರಿನಲ್ಲಿ ಬಾಡಿಗೆಗೆ ಒಂದು ಕೋಣೆ ನೋಡಿದ್ದರು. ಅಪ್ಪನಿಗೆ ಕಲ್ಲಿನ ಗಣಿಯೊಂದರಲ್ಲಿ ಕಾವಲಿನ ಕೆಲಸ. ಗೆಳೆಯನಿಗೂ ಅಲ್ಲೇ, ಫರಸಿ ಕಲ್ಲಿನ ಅಂಚು ಉಳಿಯಿಂದ ನೇರ ಮಾಡುವ ಕೆಲಸ. ಕೂತು ಮಾಡುವಂಥದು.

ಸಾಮಾನು ಹೊರಲು ನಾನೂ ಹೋಗಿದ್ದೆ. ಒಂದೇ ಬಂಡಿಗೆ ಎಲ್ಲ ಹಿಡಿಯಿತು. ಅವನವ್ವ ಮನೆಯೊಳಗೆ ಕಸ ಗುಡಿಸಿ, ನೆಲ ಒರೆಸಿ, ಕೊನೆಗೆ ನಳದ ಕಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಯಾರಿಗೋ ಬಿಟ್ಟು ಹೋಗುವ ಕಟ್ಟೆಯನ್ನು ಅಷ್ಟು ಹೊತ್ತು ತಿಕ್ಕಿದಳು. ಬಾಗಿಲಿಗೆ ಬಂದಾಗ ನಾನು ಕಾಲಿಗೆ ಬಿದ್ದೆ. ನನ್ನ ಕೆಲಸದ ಸುದ್ದಿ ಆಕೆಗೆ ಗೊತ್ತಿತ್ತು. ತಲೆಯ ಮೇಲೆ ಒದ್ದೆ ಕೈಯಿಟ್ಟು, “ಇವಗ ನಸೀಬ ಇರಲಿಲ್ಲ. ನೀ ಆದ್ರೂ ನೌಕರಿಗಿ ಹತ್ತಿದೆಲ್ಲ ತಮ್ಮಾ, ನನಗ ಅಷ್ಟ ಸಮಾಧಾನ ಅದ,” ಎಂದಳು. ಆಕೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಗೆಳೆಯ ಬಂಡಿಯ ಹಿಂದೆ, ಹಾಸಿಗೆ ಸುರುಳಿಗೆ ಒರಗಿ ಕೂತಿದ್ದ. ಅಪ್ಪ ಎತ್ತುಗಳ ಹತ್ತಿರ ಬಂಡಿಯವನೊಡನೆ ಮಾತಾಡುತ್ತಿದ್ದ. ನಾನು ಗೆಳೆಯನ ಹತ್ತಿರ ಹೋಗಿ ನಿಂತೆ. ಆಗ ಅವನು ಕೇಳಿದ.

“ಅವತ್ತ ಸೀಟಿ ನಿನಗ ಕೇಳ್ಸಿತ್ತು?”

“ಕೇಳ್ಸಿತ್ತು.”

“ಮತ್ತ ಯಾಕ ಕೂಗಲಿಲ್ಲ?”

ಸಿಟ್ಟಿನಿಂದ ಕೇಳಿರಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಸಾಹೇಬರು ನಿನ್ನ ಹೊಡೆತ ನೋಡಲಿ ಎಂದು ಕೂಗಲಿಲ್ಲ ಎಂದೆ. ಅವನು ಹಾಸಿಗೆ ಸುರುಳಿಯ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಮುಖ ಎತ್ತಿ, “ನೋಡಿದ್ರೇನು?” ಎಂದ.

ಅವನ ಕಣ್ಣಲ್ಲಿದ್ದ ಆಸೆಯನ್ನು ಹೇಗೆ ಹೇಳಲಿ. ಎಲ್ಲ ಮುಗಿದು ಬಂಡಿಯ ಮೇಲೆ ಕೂತವನಿಗೆ ಅದೊಂದು ಬೇಕಾಗಿತ್ತು.

“ನೋಡಿದ್ರು. ಇಂಥಾ ಹೊಡತ ನೋಡಿಲ್ಲ ಅಂದ್ರು ನನ್ನ ಮುಂದ.”

ಅವನು ತಲೆಯಾಡಿಸಿದ. ಬಂಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವನು ಮುಂದೆ ಬಾಗಿ ಅವ್ವನಿಗೆ ಏನೋ ಹೇಳಿದ, ಆಕೆ ತಿರುಗಿ ನನ್ನ ಕಡೆ ನೋಡಿದಳು.

ನಾನು ರೈಲ್ವೆಯಲ್ಲಿ ಆಡಿದೆ, ನಾಲ್ಕಾರು ವರ್ಷ. ವಾಡಿಯ ಕಡೆ ಕೆಲಸ ಬಿದ್ದಾಗಲೆಲ್ಲ ರಾವೂರಿಗೆ ಹೋಗಿ ಬರುತ್ತಿದ್ದೆ. ನಾವು ಆ ವಿಷಯ ತೆಗೆಯುತ್ತಿರಲಿಲ್ಲ. ತಂಗಿಯರ ಮದುವೆ, ಅಪ್ಪನ ಕೆಮ್ಮು, ಇಂಥವೇ ಮಾತು. ಒಂದು ಸಲ ಹೋದಾಗ ಅವನು ಗಣಿಯ ಚಪ್ಪರದಡಿ ಇನ್ನೂ ನಾಲ್ಕೈದು ಜನರ ಸಾಲಿನಲ್ಲಿ ಕೂತು ಕಲ್ಲು ಕೆತ್ತುತ್ತಿದ್ದ. ಗಿಡ್ಡ ಕಾಲನ್ನು ಕಲ್ಲಿನ ಮೇಲೆ ಚಾಚಿಕೊಂಡಿದ್ದ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿದ್ದವು. ನಾನು ಯಾರೆಂದು ಅವನು ಹೇಳಿದ ಮೇಲೆ ಸಾಲಿನ ತುದಿಯ ಮುದುಕನೊಬ್ಬ ಸುತ್ತಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿದ.

“ಸೇಡಂನಾಗ ಈತನ ಹೊಡತ ನೋಡಿ ದೊಡ್ಡ ಸಾಹೇಬ್ರು ಕುರ್ಚಿ ಬಿಟ್ಟು ಎದ್ದು ನಿಂತಿದ್ರಂತಲ್ರಿ? ಇವ ಹೇಳ್ತಾನ, ಇಲ್ಲಿ ಯಾರೂ ನಂಬಂಗಿಲ್ಲ. ನೀವು ಅಲ್ಲೇ ಇದ್ರಿ, ಖರೇನಾ?”

ಎದ್ದು ನಿಂತರು ಎಂದು ನಾನು ಎಂದೂ ಹೇಳಿರಲಿಲ್ಲ. ಅದು ಅವನೇ ಸೇರಿಸಿದ್ದು. ಅವನು ತಲೆ ಎತ್ತಲಿಲ್ಲ, ಉಳಿಯನ್ನು ಕಲ್ಲಿನ ಅಂಚಿಗೆ ಇಟ್ಟುಕೊಂಡು ಹಾಗೇ ಕೂತಿದ್ದ, ಸುತ್ತಿಗೆ ಎತ್ತಿದ ಕೈ ಕೆಳಗಿಳಿಯಲಿಲ್ಲ.

“ಖರೇರಿ,” ಎಂದೆ. “ಇಬ್ರೂ ಎದ್ದು ನಿಂತಿದ್ರು.”

ಆಮೇಲೆ ಅವನು ಕಲ್ಲಿಗೆ ಪೆಟ್ಟು ಹಾಕಿದ.